ಸನ್ಮಾನ ಯಾರಿಗೆ? ಸೈಟೇಶನ್ ಲೆಕ್ಕ ಹೇಳೀತೇ?

(ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆಯ ನಿವೃತ್ತ ಅಧ್ಯಾಪಕರೊಬ್ಬರು ಬರೆದ ಪತ್ರದ ಸಾರ: ಊರಿನ ಗ್ರಂಥಾಲಯದ ವಾರ್ಷಿಕೋತ್ಸವಕ್ಕೆ ಊರಿನವರೇ ಆದ ವಿಜ್ಞಾನಿಯೊಬ್ಬರನ್ನು ಸನ್ಮಾನಿಸಬೇಕೆಂದಿದೆ. ಎರಡು ಹೆಸರು ಬಂದಿವೆ. ಒಬ್ಬರು ಯುರೋಪಿನಲ್ಲಿ ಕಣಭೌತವಿಜ್ಞಾನದ ದೊಡ್ಡ ತಂಡವೊಂದರಲ್ಲಿದ್ದಾರೆ. ಇನ್ನೊಬ್ಬರು ಅಡಿಕೆ, ತೆಂಗಿನ ರೋಗಗಳ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಸಮಿತಿಯ ಹುಡುಗರು ಮೊಬೈಲಿನಲ್ಲಿ ಸಂಶೋಧನಾ ಪ್ರಬಂಧಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್ ತೆರೆದು, ‘ಮೊದಲಿನವರ ಸೈಟೇಶನ್ ಎಷ್ಟೋ ಪಾಲು ಹೆಚ್ಚು, ಇನ್ನು ಚರ್ಚೆ ಯಾಕೆ’ ಎಂದರಂತೆ. ಈ ಲೆಕ್ಕವನ್ನು ನಂಬಬಹುದೇ, ಮಾನಪತ್ರದಲ್ಲಿ ಬರೆಯಬಹುದೇ ಎಂದು ಕೇಳಿದ್ದಾರೆ. – ಸಂ.)

ಮಾಸ್ಟ್ರೇ, ನಮಸ್ಕಾರ.

ಹುಡುಗರು ಹೇಳಿದ ಲೆಕ್ಕ ಸುಳ್ಳಲ್ಲ. ಆದರೆ ಅದನ್ನು ಹಿಡಿದು ಈ ಇಬ್ಬರಲ್ಲಿ ಯಾರು ದೊಡ್ಡವರು ಎಂದು ಹೇಳಲು ಬರುವುದಿಲ್ಲ.

ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ತಮ್ಮ ಪ್ರಬಂಧದ ಆಕರಪಟ್ಟಿಯಲ್ಲಿ ಹೆಸರಿಸಿದರೆ ಅದೊಂದು ಸೈಟೇಶನ್. ಇವನ್ನು ಕ್ರಮವಾಗಿ ದಾಖಲಿಸುವ ಸೂಚಿಯನ್ನು ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದರು. ಒಂದು ವಿಚಾರದ ಜಾಡು ಹಿಡಿದು ಮುಂದಿನ ಸಂಶೋಧನೆಗಳನ್ನು ಹುಡುಕಲು ಅದು ನೆರವಾಗುತ್ತಿತ್ತು. ಬಡ್ತಿಗೂ ಪ್ರಶಸ್ತಿಗೂ ಅಳತೆಗೋಲಾದದ್ದು ಆಮೇಲೆ.

ಹುಡುಗರ ಮೊಬೈಲಿನಲ್ಲಿ ಎಚ್-ಇಂಡೆಕ್ಸ್ ಎಂದೂ ಕಂಡಿರಬಹುದು. ಅದು ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಸೂಚಿಸಿದ್ದು. ಒಬ್ಬರ ಐದು ಪ್ರಬಂಧಗಳಿಗೆ 50, 8, 6, 3, 1 ಸೈಟೇಶನ್ ಬಂದಿವೆ ಎನ್ನಿ. ಮೂರು ಪ್ರಬಂಧಗಳಿಗೆ ಕನಿಷ್ಠ ಮೂರಾದರೂ ಇವೆ, ನಾಲ್ಕಕ್ಕೆ ನಾಲ್ಕಿಲ್ಲ. ಹಾಗಾಗಿ ಎಚ್ ಮೂರು. ಆ 50 ನಾಳೆ 500 ಆದರೂ ಎಚ್ ಮೂರೇ! ಸಾಲದ್ದಕ್ಕೆ ಇದು ವರ್ಷ ಕಳೆದಂತೆ ಏರುವುದೇ ಹೊರತು ಇಳಿಯುವುದಿಲ್ಲ. ಒಂದೇ ಸಂಖ್ಯೆಯಿಂದ ಸಿಗುವುದು ಒಬ್ಬರ ಸಾಧನೆಯ ಸ್ಥೂಲ ಅಂದಾಜು ಮಾತ್ರ ಎಂದು ಹಿರ್ಷ್ ಅವರೇ ಅದೇ ಪ್ರಬಂಧದಲ್ಲಿ ಎಚ್ಚರಿಸಿದ್ದರು. ಆ ಸಾಲನ್ನು ಯಾರೂ ಮೊಬೈಲಿನಲ್ಲಿ ತೋರಿಸುವುದಿಲ್ಲ.

ಸೈಟೇಶನ್ ಬಂತೆಂದರೆ ಹೊಗಳಿಕೆ ಬಂತೆಂದಲ್ಲ. ದಡಾರ, ಮಂಗಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ 1998ರ ಲ್ಯಾನ್ಸೆಟ್ ಪ್ರಬಂಧವನ್ನು ಪತ್ರಿಕೆ 2010ರಲ್ಲಿ ಹಿಂಪಡೆಯಿತು. ಅದಕ್ಕೆ ಬಂದ ಸೈಟೇಶನ್‌ಗಳಲ್ಲಿ ಬಹಳಷ್ಟು ಅದು ತಪ್ಪೆಂದು ತೋರಿಸಲು ಬಂದವು. ಇತ್ತ ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನವನ್ನು ವಿವರಿಸಿದ ಆಲಿವರ್ ಲೌರಿ ಮತ್ತು ಸಂಗಡಿಗರ 1951ರ ಪ್ರಬಂಧಕ್ಕೆ 3 ಲಕ್ಷಕ್ಕೂ ಹೆಚ್ಚು ಸೈಟೇಶನ್. ಅದೇನೂ ಮಹಾ ಪ್ರಬಂಧವಲ್ಲ ಎಂದು ಲೌರಿಯವರೇ ಹೇಳಿಕೊಂಡಿದ್ದರು. ಪ್ರಯೋಗಾಲಯಗಳಿಗೆ ಅದು ದಿನನಿತ್ಯ ಬೇಕಿತ್ತು, ಅಷ್ಟೆ. ಗಣಿತದಲ್ಲಂತೂ ಸೈಟೇಶನ್ ಬರುವುದೇ ಕಡಿಮೆ. ಹಾಗಾಗಿ ಅಲ್ಲಿ ನಾಲ್ಕು ಜನ ಪರಸ್ಪರ ಹೆಸರಿಸಿಕೊಂಡರೂ ಹೆಚ್ಚು ಸೈಟೇಶನ್ ಪಡೆದವರ ಪಟ್ಟಿ ಏರುಪೇರಾಗುತ್ತದೆ. ಇಂಥ ಕೈಚಳಕ ಹೆಚ್ಚಿತೆಂದೇ ಸೈಟೇಶನ್ ಲೆಕ್ಕ ಇಡುವ ಕ್ಲಾರಿವೇಟ್ ಸಂಸ್ಥೆ 2023ರ ಅತಿ ಹೆಚ್ಚು ಉಲ್ಲೇಖಿತರ ಪಟ್ಟಿಯಿಂದ ಗಣಿತವನ್ನೇ ಕೈಬಿಟ್ಟಿತು.

ಇನ್ನು ನಿಮ್ಮ ಕಣಭೌತವಿಜ್ಞಾನಿಯ ಮಾತು. ಜಿನೀವಾ ಬಳಿಯ ಕಣಭೌತ ಪ್ರಯೋಗಾಲಯವಾದ ಸರ್ನ್‌ನ ಎರಡು ತಂಡಗಳು ಸೇರಿ ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ 2015ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ 5,154 ಲೇಖಕರು. 33 ಪುಟಗಳಲ್ಲಿ 24 ಪುಟ ಬರೀ ಹೆಸರು, ಸಂಸ್ಥೆಗಳ ಪಟ್ಟಿ. ಅದಕ್ಕೊಂದು ಸೈಟೇಶನ್ ಬಂದರೆ ಅಷ್ಟೂ ಜನರ ಖಾತೆಗೆ ಒಂದೊಂದು ಜಮೆ. ತಮಾಷೆಯೆಂದರೆ, ಆ ಕಣ ಇರಬೇಕೆಂದು 1964ರಲ್ಲಿ ಬರೆದ ಪೀಟರ್ ಹಿಗ್ಸ್ ಆಮೇಲೆ ಪ್ರಕಟಿಸಿದ ಪ್ರಬಂಧಗಳು ಹತ್ತನ್ನೂ ಮುಟ್ಟಲಿಲ್ಲ. ಇಂದಿನ ದಿನದಲ್ಲಾಗಿದ್ದರೆ ತನಗೆ ವಿಶ್ವವಿದ್ಯಾಲಯದ ಕೆಲಸವೇ ಸಿಗುತ್ತಿರಲಿಲ್ಲ ಎಂದು, 2013ರಲ್ಲಿ ನೊಬೆಲ್ ಬಂದಾಗ ಅವರು ಹೇಳಿದ್ದರು.

ಹಾಗೆಂದು ದೊಡ್ಡ ತಂಡದಲ್ಲಿರುವವರ ಕೆಲಸ ಹಗುರವಲ್ಲ. ಯಂತ್ರದ ಒಂದು ಭಾಗವನ್ನೋ ದತ್ತಾಂಶ ಸೋಸುವ ಸಾಫ್ಟ್‌ವೇರನ್ನೋ ವರ್ಷಗಟ್ಟಲೆ ನೋಡಿಕೊಂಡವರು ಅಲ್ಲಿದ್ದಾರೆ. ಆದರೆ ಅವರ ಪಾಲು ಯಾವುದೆಂದು ಕೇಳಬೇಕು. ಆಟ ಕಳೆಗಟ್ಟಿತು ಎಂದರೆ ಭಾಗವತರಿಂದಲೋ ಚೆಂಡೆ-ಮದ್ದಳೆಯವರಿಂದಲೋ ವೇಷದಿಂದಲೋ ಎಂದು ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ನಾಡಿನಲ್ಲಿ ಕೇಳಿಯೇ ಕೇಳುತ್ತೇವಲ್ಲ. ಹೆಸರಿನ ಕ್ರಮದಿಂದ ಇದು ಯಾವಾಗಲೂ ತಿಳಿಯುವುದಿಲ್ಲ: ಕಣಭೌತದಲ್ಲಿ ಸಾಮಾನ್ಯವಾಗಿ ಅಕ್ಷರಾನುಕ್ರಮ. ಜೀವವಿಜ್ಞಾನದಲ್ಲಾದರೆ ಸಾಮಾನ್ಯವಾಗಿ ಹೆಚ್ಚು ಕೆಲಸ ಮಾಡಿದವರು ಮೊದಲು, ಪ್ರಯೋಗಾಲಯದ ಮುಖ್ಯಸ್ಥರು ಕೊನೆಗೆ.

ನಮ್ಮ ತೋಟಗಳಲ್ಲಿ ಈ ಎಣಿಕೆ ಪೂರ್ತಿ ಕುರುಡು. ಮಳೆಗಾಲಕ್ಕೆ ಮೊದಲು ಮೈಲುತುತ್ತು, ಸುಣ್ಣ ಬೆರೆಸಿ ಮದ್ದು ಬಿಡುವವರು ಯಾರ ಆಕರಪಟ್ಟಿ ಬರೆಯುತ್ತಾರೆ? ಅಡಿಕೆಯ ಕೊಳೆರೋಗ ಮಹಾಳಿಗೆ ಕಾರಣವಾದ, ಶಿಲೀಂಧ್ರದಂಥ ರೋಗಾಣುವನ್ನು ವಿವರಿಸಿ, ಫ್ರಾನ್ಸಿನ ದ್ರಾಕ್ಷಿತೋಟದ ಈ ಬೋರ್ಡೋ ದ್ರಾವಣವನ್ನು ಅಡಿಕೆಗೆ ಒಗ್ಗಿಸಿದವರು ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್, ನೂರು ವರ್ಷಕ್ಕೂ ಹಿಂದೆ. ಎತ್ತರದ ತೆಂಗಿಗೆ ಗಿಡ್ಡ ತೆಂಗನ್ನು ಬೆರೆಸಿ ಹೈಬ್ರಿಡ್ ಮಾಡುವ ಕೆಲಸ 1932ರಲ್ಲಿ ಶುರುವಾದದ್ದು ನಮ್ಮದೇ ನೀಲೇಶ್ವರದಲ್ಲಿ, ಜೆ.ಎಸ್. ಪಟೇಲರಿಂದ. ಕಾಸರಗೋಡಿನ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ 1972ರಲ್ಲಿ ಬಿಡುಗಡೆ ಮಾಡಿದ ಮಂಗಳ ಅಡಿಕೆಯ ಸಸಿ ನೆಟ್ಟವರ ಲೆಕ್ಕ ಸೈಟೇಶನ್ ಎಣಿಸುವ ದತ್ತಾಂಶಕೋಶವಾದ ಸ್ಕೋಪಸ್‌ನಲ್ಲಿಲ್ಲ. ಕೃಷಿಕರಿಗಾಗಿ ಕನ್ನಡದಲ್ಲೋ ಮಲಯಾಳದಲ್ಲೋ ಬರೆದ ಕೈಪಿಡಿಗೆ ಅಲ್ಲಿ ಬೆಲೆ ಸೊನ್ನೆ. ನನಗೆ ಇದರ ಬಗ್ಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಇಡೀ ಜಿಲ್ಲೆಯ ತೋಟ ಉಳಿಸಿದ ಸಲಹೆ ಲೆಕ್ಕಕ್ಕೇ ಬಾರದಿದ್ದರೆ, ಆ ಲೆಕ್ಕಕ್ಕೆ ‘ಪರಿಣಾಮ’ ಎಂದು ಹೆಸರಿಡುವುದು ಅತಿಯಾಯಿತು.

ಹಾಗಾದರೆ ಸಮಿತಿ ಏನು ಮಾಡಬೇಕು? ಇಬ್ಬರಿಗೂ ಪತ್ರ ಬರೆಯಿರಿ. ‘ನಿಮ್ಮ ಕೆಲಸಗಳಲ್ಲಿ ನಿಮಗೆ ಮುಖ್ಯವೆನಿಸಿದ್ದು ಯಾವುದು, ಅದರಲ್ಲಿ ನಿಮ್ಮ ಪಾಲೇನು’ ಎಂದು ಕೇಳಿ. ಈಗ ಅನೇಕ ಪತ್ರಿಕೆಗಳು ಪ್ರಬಂಧದ ಕೊನೆಯಲ್ಲಿ ಯಾರು ಏನು ಮಾಡಿದರೆಂದು ಅಚ್ಚು ಹಾಕುತ್ತವೆ, ಅದನ್ನೂ ನೋಡಿ. ಭೌತವಿಜ್ಞಾನಿಯ ಬಗ್ಗೆ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ವಿಷಯ ಬಲ್ಲವರನ್ನು ವಿಚಾರಿಸಿ. ಅಡಿಕೆಯವರ ಬಗ್ಗೆ ಬದಿಯಡ್ಕ, ಪೆರ್ಲದ ಹತ್ತಾರು ಕೃಷಿಕರನ್ನು ಮಾತಾಡಿಸಿದರೆ ಸಾಕು. ಉತ್ತರ ನೋಡಿ ನಿರ್ಧರಿಸಿ. ಎರಡೂ ಒಳ್ಳೆಯದಿದ್ದರೆ ಒಬ್ಬರಿಗೆ ಈ ವರ್ಷ, ಇನ್ನೊಬ್ಬರಿಗೆ ಮುಂದಿನ ವರ್ಷ. ನಿವೃತ್ತರಾದವರು ಮೊದಲಾಗಲಿ ಎಂಬುದು ನನ್ನ ಅಭಿಪ್ರಾಯ.

ಮಾನಪತ್ರದಲ್ಲಿ ಸೈಟೇಶನ್ ಸಂಖ್ಯೆ ಬೇಡ. ಹುಡುಗರು ಹಟ ಹಿಡಿದರೆ ಯಾವ ದಿನದ ಲೆಕ್ಕ, ಗೂಗಲ್ ಸ್ಕಾಲರಿನದ್ದೋ ಸ್ಕೋಪಸ್‌ನದ್ದೋ ಎಂದೂ ಬರೆಯಿಸಿ. ಗೂಗಲ್ ಪಿಎಚ್‌ಡಿ ಪ್ರಬಂಧ, ವರದಿಗಳನ್ನೂ ಎಣಿಸುವುದರಿಂದ ಅಲ್ಲಿ ಸಂಖ್ಯೆ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ.