ಪೂರ್ವ ಬರ್ಲಿನ್‌ನಲ್ಲಿ ಮನೆ ಸಿಕ್ಕಿದೆ ಅಂದೆಯಲ್ಲ

ದಾವಣಗೆರೆಯ ಹುಡುಗಿ ಬರ್ಲಿನ್‌ಗೆ ಕೆಲಸಕ್ಕೆ ಬರುತ್ತಿದ್ದಾಳೆ ಅಂದರೆ ನನಗೆ ಹೆಮ್ಮೆ ಆಗದೆ ಇರುತ್ತದಾ? ನನ್ನ ಮಗಳ ವಯಸ್ಸಿನವಳು ಅಂತ ಏಕವಚನದಲ್ಲಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಮ್ಮ.

ಮನೆ ಲಿಖ್ಟೆನ್‌ಬೆರ್ಗ್‌ನಲ್ಲಿ ಸಿಕ್ಕಿದೆ, ಅದು ಹಳೇ ಪೂರ್ವ ಬರ್ಲಿನ್, ಅಲ್ಲಿ ಇರಬಹುದಾ ಅಂತ ಕೇಳಿದ್ದೀಯ. ಊರನ್ನು ಪೂರ್ವ, ಪಶ್ಚಿಮ ಅಂತ ಎರಡು ಮಾಡಿದ್ದ ಆ ಗೋಡೆಯ ಕಾಲದ ವಿಷಯ ಅಕ್ಕಪಕ್ಕದವರ ಹತ್ತಿರ ಎತ್ತಬಹುದಾ ಅಂತಲೂ ಕೇಳಿದ್ದೀಯ.

ಧಾರಾಳವಾಗಿ ಇರು. ಕಾಂಕ್ರೀಟ್ ಹಲಗೆ ಜೋಡಿಸಿ ಕಟ್ಟಿದ ಆ ಮನೆಗಳು ಹೊರಗಿನಿಂದ ಎಲ್ಲಾ ಒಂದೇ ಥರ ಕಾಣುತ್ತವೆ, ಒಳಗೆ ಬೆಚ್ಚಗಿರುತ್ತವೆ. ಬಾಗಿಲ ಮುಂದೆಯೇ ಟ್ರಾಮ್. ಪಶ್ಚಿಮದವರು 1967ರ ಹೊತ್ತಿಗೆ ಟ್ರಾಮ್ ನಿಲ್ಲಿಸಿಬಿಟ್ಟರು, ಪೂರ್ವದವರು ಉಳಿಸಿಕೊಂಡರು. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸು. ಮನೆ ಮಾಲೀಕರ ಸಹಿ ಬೇಕು, ಬಂದ ದಿನವೇ ಕೇಳು. ಭಾನುವಾರ ಅಂಗಡಿ ಮುಚ್ಚಿರುತ್ತವೆ. ಹಸಿಮೆಣಸಿನಕಾಯಿ, ಕೊತ್ತಂಬರಿಗೆ ಅಲ್ಲೇ ಹತ್ತಿರ ಡಾಂಗ್ ಷುವಾನ್ ಮಾರುಕಟ್ಟೆ ಇದೆ, ವಿಯೆಟ್ನಾಮಿನವರದು. ಅವರು ಇಲ್ಲಿಗೆ ಬಂದಿದ್ದು ಹೇಗೆ ಅಂದೆಯಾ? ಎರಡೂ ಸೋವಿಯತ್ ಕಡೆಯ ಕಮ್ಯುನಿಸ್ಟ್ ದೇಶಗಳು ಅಲ್ವಾ, ಪೂರ್ವ ಜರ್ಮನಿ ಕಾರ್ಖಾನೆಗಳಿಗೆ ಕರಾರಿನ ಮೇಲೆ ಕೆಲಸಗಾರರನ್ನು ಕರೆಸಿಕೊಂಡಿತು. ಗೋಡೆ ಬೀಳುವಾಗ ದೇಶದಲ್ಲಿ ಸುಮಾರು 60 ಸಾವಿರ ವಿಯೆಟ್ನಾಮಿಗಳಿದ್ದರು. ಕೆಲಸ ಹೋಯಿತು. ಉಳಿದವರು ಹೂವು, ತರಕಾರಿ ಮಾರಿ ನೆಲೆ ನಿಂತರು.

ನಿನ್ನ ಎರಡನೇ ಪ್ರಶ್ನೆಗೆ ಮಾತ್ರ ಒಂದೇ ಮಾತಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ.

ನಾನು ಬಂದಿದ್ದು 1992ರಲ್ಲಿ, ಓದಲಿಕ್ಕೆ. ಕಾರ್ಲ್ ಮಾರ್ಕ್ಸ್ ಆಲೇ ಅನ್ನುವ ದೊಡ್ಡ ರಸ್ತೆಯ ಹಿಂದಿನ ಬೀದಿಯಲ್ಲಿ ಒಬ್ಬ ಅಮ್ಮನ ಮನೆಯಲ್ಲಿ ಒಂದು ಕೋಣೆ. ಕಲ್ಲಿದ್ದಲ ಒಲೆ. ನೆಲಮಾಳಿಗೆಯಿಂದ ಇಟ್ಟಿಗೆಯಂಥ ಕಲ್ಲಿದ್ದಲು ಬಕೆಟ್‌ನಲ್ಲಿ ಹೊತ್ತು ತರಬೇಕು, ಬೆಳಗ್ಗೆ ಬೂದಿ ಎತ್ತಬೇಕು. ಅಂಗಿಗೆಲ್ಲ ಹೊಗೆ ವಾಸನೆ. ಆ ಅಮ್ಮ ಬಲ್ಬ್ ಕಾರ್ಖಾನೆಯಲ್ಲಿದ್ದವರು. ಎರಡು ಜರ್ಮನಿ ಒಂದಾದ ಮೇಲೆ ಕಾರ್ಖಾನೆ ಮುಚ್ಚಿತ್ತು. ಐವತ್ತೈದರ ವಯಸ್ಸಲ್ಲಿ ಕೆಲಸ ಇಲ್ಲದೆ ಕಿಟಕಿ ಹತ್ತಿರ ಕೂತಿರುತ್ತಿದ್ದರು. ಮಿಲ್ ಮುಚ್ಚಿದ ಮನೆ ಹೇಗಿರುತ್ತದೆ ಅಂತ ನಮ್ಮೂರಿನವಳಿಗೆ ನಾನು ಬಿಡಿಸಿ ಹೇಳಬೇಕಾ?

ನಮ್ಮ ಅಪ್ಪ ಹತ್ತಿ ಮಿಲ್ಲಿನ ಕೆಲಸಗಾರ. ಕೆಂಬಾವುಟದವರು. ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿದ ಊರು ನಮ್ಮದು, ನಿನ್ನ ಮನೆಯಲ್ಲೂ ಹಿರಿಯರು ಹೇಳಿರುತ್ತಾರೆ. ಅಪ್ಪ ಯೂನಿಯನ್ ಆಫೀಸಿನಿಂದ ಸೋವಿಯತ್ ಪತ್ರಿಕೆ ತರುತ್ತಿದ್ದರು. ಓದಿ ಮುಗಿದ ಮೇಲೆ ಆ ದಪ್ಪ ಹೊಳೆಯುವ ಹಾಳೆಗಳೇ ನಮ್ಮ ಶಾಲೆ ಪುಸ್ತಕಗಳಿಗೆ ರಟ್ಟು. ದುಡಿಯುವವನಿಗೆ ಮರ್ಯಾದೆ ಇರುವ ದೇಶ ಭೂಮಿ ಮೇಲೆ ಒಂದಾದರೂ ಇದೆ ಅನ್ನುವ ನಂಬಿಕೆ ಮೇಲೆ ಬದುಕಿದ ಮನುಷ್ಯ.

ಇಲ್ಲಿಗೆ ಬಂದ ಮೇಲೆ ನಮ್ಮ ಬೀದಿಯ ಕಥೆ ಗೊತ್ತಾಯಿತು. ಕಾರ್ಲ್ ಮಾರ್ಕ್ಸ್ ಆಲೇಗೆ ಹಿಂದೆ ಸ್ಟಾಲಿನ್ ಹೆಸರಿತ್ತು. 1953ರ ಜೂನ್ 16ರಂದು ಅಲ್ಲಿ ಕಟ್ಟಡ ಕಟ್ಟುತ್ತಿದ್ದವರು ಕೆಲಸ ನಿಲ್ಲಿಸಿ ಬೀದಿಗೆ ಇಳಿದರು. ಸರ್ಕಾರ ದಿನಕ್ಕೆ ಇಷ್ಟು ಕೆಲಸ ಆಗಬೇಕು ಅನ್ನುವ ಲೆಕ್ಕವನ್ನು ಶೇಕಡಾ 10ರಷ್ಟು ಏರಿಸಿತ್ತು, ಕೂಲಿ ಏರಿಸಿರಲಿಲ್ಲ. ಮರುದಿನ ಮುಷ್ಕರ ದೇಶದ ನೂರಾರು ಊರಿಗೆ ಹಬ್ಬಿತು. ಸೋವಿಯತ್ ಟ್ಯಾಂಕ್‌ಗಳು ಬಂದವು. ಕನಿಷ್ಠ 55 ಜನ ಸತ್ತರು. ಪಶ್ಚಿಮ ಬರ್ಲಿನ್‌ನವರು ಅದೇ ವರ್ಷ ತಮ್ಮ ದೊಡ್ಡ ರಸ್ತೆಯೊಂದಕ್ಕೆ ಜೂನ್ 17 ಅಂತ ಹೆಸರಿಟ್ಟರು. ಈ ಕಡೆಯವರ ಸಾವು ಆ ಕಡೆಯವರ ಬೋರ್ಡ್ ಆಯಿತು.

ಇದನ್ನು ಅಪ್ಪನಿಗೆ ಬರೆದೆ. ವಾಪಸ್ ಬಂದ ಪತ್ರದಲ್ಲಿ ಒಂದೇ ಪ್ರಶ್ನೆ: ಕೆಲಸಗಾರರ ಮೇಲೆ ಟ್ಯಾಂಕ್ ಬಿಟ್ಟಿದ್ದು ನಿಜಾನಾ? ಪೇಪರ್‌ನವರ ಮಾತು ಬೇಡ, ನಿಮ್ಮ ಮನೆ ಅಮ್ಮನನ್ನು ಕೇಳಿ ಬರಿ.

ಕೇಳಿದೆ. ಆಕೆಗೆ ಆಗ ಹದಿನಾರು ವರ್ಷ, ಅವರಪ್ಪ ಅದೇ ರಸ್ತೆಯಲ್ಲಿ ಗಾರೆ ಕೆಲಸ ಮಾಡುತ್ತಿದ್ದರು. ಸ್ವಲ್ಪ ಹೊತ್ತು ಮೇಜಿನ ಬಟ್ಟೆ ಸರಿಮಾಡುತ್ತಾ ಕೂತರು. ಆಮೇಲೆ, "ನಿಜ ಅಂತ ಬರಿ. 1945ರಲ್ಲಿ ಹಸಿದಿದ್ದ ನಮಗೆ ರೊಟ್ಟಿ ಕೊಟ್ಟಿದ್ದೂ ಆ ಸೈನಿಕರೇ, ಅದನ್ನೂ ಬರಿ" ಅಂದರು. ಎರಡನ್ನೂ ಬರೆದೆ. ಮುಂದಿನ ಪತ್ರದಲ್ಲಿ ಮಳೆ ವಿಷಯ, ತಂಗಿಯ ಮದುವೆ ವಿಷಯ. ಕೊನೆಗೆ ಒಂದು ಸಾಲು: ಆ ತಾಯಿಯನ್ನು ಒಂದು ಸಲ ನೋಡಬೇಕು. ಪಾಸ್‌ಪೋರ್ಟ್ ಕೂಡ ಮಾಡಿಸಿದ್ದರು. ಬರುವ ಮೊದಲೇ ಹೋಗಿಬಿಟ್ಟರು. ಅವರಿಬ್ಬರೂ ಒಂದು ಮೇಜಿಗೆ ಎದುರುಬದುರು ಕೂರಲಿಲ್ಲವಲ್ಲ ಅನ್ನುವುದು ಇವತ್ತಿಗೂ ನನ್ನನ್ನು ಕೊರೆಯುತ್ತದೆ. ದೊಡ್ಡ ದೇಶಗಳ ಜಗಳದ ಬಗ್ಗೆ ನಾನು ಆಮೇಲೆ ಎಷ್ಟೋ ಓದಿದ್ದೇನೆ. ಅವರಿಬ್ಬರು ಮಾತಾಡಿದ್ದರೆ ಸಿಗುತ್ತಿದ್ದ ತಿಳಿವಳಿಕೆ ಅದರಲ್ಲಿ ಸಿಗಲಿಲ್ಲ.

ಅದಕ್ಕೇ ಹೇಳುತ್ತೇನೆ, ಪಕ್ಕದ ಮನೆಯ ಹಿರಿಯರನ್ನು ಆ ಕಾಲ ಒಳ್ಳೆಯದಿತ್ತಾ, ಕೆಟ್ಟದಿತ್ತಾ ಅಂತ ಕೇಳಬೇಡ. ಕೆಲಸ ಎಲ್ಲರಿಗೂ ಇತ್ತು, ಬಾಡಿಗೆ ಕಡಿಮೆ ಇತ್ತು. ಗೋಡೆ ದಾಟಲು ಹೋದವರಿಗೆ ಗುಂಡು ಬೀಳುತ್ತಿತ್ತು, ಅದೂ ಇತ್ತು. ಸ್ಟಾಸಿ ಅನ್ನುವ ಪೂರ್ವ ಜರ್ಮನಿಯ ಗುಪ್ತ ಪೊಲೀಸರಲ್ಲಿ ಸುಮಾರು 91 ಸಾವಿರ ನೌಕರರು. ಗುಟ್ಟಾಗಿ ಸುದ್ದಿ ಕೊಡುವವರು ಬೇರೆ, ಲಕ್ಷಕ್ಕೂ ಜಾಸ್ತಿ. ನಾನು ಬಂದ ವರ್ಷವೇ ಜನರಿಗೆ ಸ್ಟಾಸಿಯವರು ತಮ್ಮ ಮೇಲೆ ಇಟ್ಟಿದ್ದ ಫೈಲ್ ನೋಡಲು ಅವಕಾಶ ಸಿಕ್ಕಿತ್ತು. ನಮ್ಮ ಮನೆಯ ಅಮ್ಮ ಅರ್ಜಿ ಫಾರಂ ತಂದು ಚಮಚಗಳ ಡ್ರಾಯರ್‌ನಲ್ಲಿ ಇಟ್ಟರು. ನಾನು ಆ ಮನೆ ಬಿಡುವವರೆಗೂ ಅದು ಖಾಲಿಯೇ ಇತ್ತು. ಯಾಕೆ ಅಂತ ನಾನು ಕೇಳಲಿಲ್ಲ. ನೀನೂ ಯಾರನ್ನೂ ಕೇಳಬೇಡ.

ಇನ್ನೊಂದು ಮಾತು. ರಷ್ಯಾ ನಮ್ಮ ಹಳೇ ಗೆಳೆಯ ಅಂತ ನಾವು ಸುಮ್ನೆ ಹೇಳಿಬಿಡುತ್ತೇವೆ. 1971ರ ಭಾರತ-ಸೋವಿಯತ್ ಸ್ನೇಹ ಒಪ್ಪಂದ, ಅವರ ನೆರವಿನಿಂದ ಎದ್ದ ಭಿಲಾಯಿ ಉಕ್ಕಿನ ಕಾರ್ಖಾನೆ, ನಮ್ಮ ಮಟ್ಟಿಗೆ ಅದು ಸುಳ್ಳೇನಲ್ಲ. ಆದರೆ ನಿನ್ನ ಕಟ್ಟಡದಲ್ಲೇ ಉಕ್ರೇನ್‌ನಿಂದ ಓಡಿ ಬಂದ ತಾಯಿ ಮಕ್ಕಳು ಇರಬಹುದು. ಲಿಫ್ಟ್‌ನಲ್ಲಿ ಆ ಮಾತು ಬೇಡ.

ಬರುವಾಗ ಬೆಣ್ಣೆ, ತುಪ್ಪ ತರಬೇಡ, ಹಾಲಿನ ಪದಾರ್ಥ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ಚಟ್ನಿಪುಡಿ, ಮಂಡಕ್ಕಿ ತಾ. ಕೆಳಗಿನ ಮನೆಯ ಅಜ್ಜಿ ಕಾಫಿಗೆ ಕರೆದರೆ ಕೆಲಸ ಇದೆ ಅನ್ನದೆ ಹೋಗು. ಆ ಸಂಜೆ ಬೇರೇನೂ ಇಟ್ಟುಕೊಳ್ಳಬೇಡ, ಹೇಳಬೇಕು ಅನ್ನಿಸಿದ್ದನ್ನು ಅವರೇ ನಿಧಾನಕ್ಕೆ ಹೇಳುತ್ತಾರೆ.