ಖಾತೆಗಿಂತ ಮೊದಲು ಕಾಲುವೆ ನೋಡಿ

ಪ್ರಶ್ನೆ: ಸರ್ಜಾಪುರ ರಸ್ತೆಯ ಹೊಸ ಬಡಾವಣೆಯಲ್ಲಿ ಕೆರೆ ಕಾಣುವ ನಿವೇಶನ ನೋಡಿದ್ದೇವೆ. ಖಾತೆ ಇದೆ, ಬ್ಯಾಂಕ್ ಸಾಲಕ್ಕೂ ಒಪ್ಪಿದೆ. ಪಕ್ಕದ ರಾಜಕಾಲುವೆ ಒಣಗಿ ವರ್ಷಗಳಾದವಂತೆ. ಕೊಳ್ಳಬಹುದೇ?

ಉತ್ತರ: ಊರಿನ ಹೆಸರು ಬದಲಾಗಿ ಇದೇ ಪ್ರಶ್ನೆ ಬರುತ್ತಲೇ ಇದೆ. ಖಾತೆ ತೆರಿಗೆಯ ದಾಖಲೆ. ಬ್ಯಾಂಕಿನ ಚಿಂತೆ ಸಾಲ ವಸೂಲಾತಿ. ನೀರು ಎತ್ತ ಹರಿಯುತ್ತದೆ ಎಂಬುದು ಎರಡರಲ್ಲೂ ಇಲ್ಲ. ಅದಿರುವುದು ಗ್ರಾಮ ನಕ್ಷೆಯಲ್ಲಿ. ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ, ನಕ್ಷೆಯ ಪ್ರತಿ ತೆಗೆಸಿ, ಪಹಣಿಯಲ್ಲಿ ಬಿ ಖರಾಬು, ಅಂದರೆ ಕಾಲುವೆ, ದಾರಿಯಂಥ ಸಾರ್ವಜನಿಕ ಜಾಗ, ಎಷ್ಟಿದೆ ಓದಿ.

ಒಣಗಿದ ಕಾಲುವೆ ಎಂಬ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮೇಲಿನ ಕೆರೆ ಕೋಡಿ ಬಿದ್ದಾಗ ನೀರು ಕೆಳಗಿನ ಕೆರೆಗೆ ಇಳಿಯಲೆಂದೇ ಆ ಕಾಲುವೆ ಇರುವುದು. ಅದನ್ನು ಮುಚ್ಚಿ, ಎರಡಡಿಯ ಸಿಮೆಂಟ್ ಪೈಪ್ ಹೂತು, ಮೇಲೆ ರಸ್ತೆ ಹಾಕಿದರೆ ಕೋಡಿ ನೀರು ಮನೆಯೊಳಗೇ ಬರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಇದೇ ರಸ್ತೆಯ ವಿಲ್ಲಾಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಿದ್ದು ಇಷ್ಟು ಬೇಗ ಮರೆತುಹೋಯಿತೇ? ಜೋರು ಮಳೆಯ ಮರುದಿನ ಹೋಗಿ, ಅಕ್ಕಪಕ್ಕದ ಕಾಂಪೌಂಡ್ ಗೋಡೆಗಳ ಮೇಲೆ ಕೆಸರಿನ ಗೆರೆ ಎಷ್ಟು ಎತ್ತರಕ್ಕಿದೆ ನೋಡಿ.

ಬೆಂಗಳೂರಿನ 2015ರ ಮಹಾಯೋಜನೆ ಕೆರೆಯ ಸುತ್ತ 30 ಮೀಟರ್ ಬಿಡಬೇಕೆಂದಿತ್ತು. ಹಸಿರು ನ್ಯಾಯಮಂಡಳಿ 2016ರಲ್ಲಿ ಅದನ್ನು 75ಕ್ಕೆ ಏರಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ನನ್ನನ್ನು ಕೇಳಿದರೆ 75 ಮೀಟರಿನ ಒಳಗೆ ಕೊಳ್ಳಲೇಬೇಡಿ. ಅತಿ ಎಚ್ಚರಿಕೆ ಎಂದರೂ ಅಡ್ಡಿಯಿಲ್ಲ.

ಇನ್ನು, ನಿಮ್ಮ ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ ಎಂದು ನೀವು ಕೇಳಿಯೇ ಇಲ್ಲ! ಶುದ್ಧೀಕರಣ ಘಟಕ ಇದೆ ಎಂದರೆ ಸಾಲದು. ಕರೆಂಟ್ ಬಿಲ್ ಉಳಿಸಲು ಗಾಳಿ ಊದುವ ಬ್ಲೋವರ್ ನಿಲ್ಲಿಸಿದರೆ ಕೊಳಚೆ ಇದ್ದ ಹಾಗೆಯೇ ಹೊರಬೀಳುತ್ತದೆ. ರಾತ್ರಿ ಹೋಗಿ ಸದ್ದು ಕೇಳಿ, ಹೊರಹರಿವಿನ ವಾಸನೆ ನೋಡಿ. ನಾರುತ್ತಿದ್ದರೆ, ನೀವು ಹೆಚ್ಚಿಗೆ ದುಡ್ಡು ಕೊಡಲು ಹೊರಟಿರುವ ಆ ಕೆರೆಯನ್ನು ನಿಮ್ಮ ಬಡಾವಣೆಯೇ ಕೊಲ್ಲುತ್ತಿದೆ.

ಪ್ರಶ್ನೆ: ಕೆರೆಗೆ ಸೂಕ್ಷ್ಮಾಣು ದ್ರಾವಣ ಸುರಿದರೆ ನೊರೆ ಹೋಗುತ್ತದೆಯೇ?

ಉತ್ತರ: ಕೊಳಚೆ ಬರುತ್ತಿರುವ ತನಕ ಇಲ್ಲ. ಮಾರಲು ಬಂದವನನ್ನು ಗೇಟಿನಿಂದಲೇ ಕಳುಹಿಸಿ.

ಪ್ರಶ್ನೆ: ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿಸಿ, ಆಮೇಲೆ ಇಂಗುಗುಂಡಿ ಮಾಡಿಸಿದರೆ ಸಾಕಲ್ಲವೇ?

ಉತ್ತರ: ಅಂಗಳವೇ ಇಂಗಿಸುತ್ತಿತ್ತು. ಮುಚ್ಚಬೇಡಿ.

ಪ್ರಶ್ನೆ: ಬೋರ್‌ವೆಲ್‌ಗೆ ತೆಂಗಿನಕಾಯಿ ಹಿಡಿದು ಜಾಗ ತೋರಿಸುವವರನ್ನು ನಂಬಬಹುದೇ?

ಉತ್ತರ: ಬೇಡ. ಭೂವಿಜ್ಞಾನಿಯನ್ನು ಕರೆಸಿ.