ಎಸ್ಟ್ರಾಡಿಯಾಲ್ ಹಾಕದ ಸರ್ಟೋಲಿ ಕೋಶಗಳೂ ಹೆಚ್ಚುತ್ತಿರುವುದೇಕೆ?

ಇಲಿಯ ಸರ್ಟೋಲಿ ಕೋಶಗಳಿಗೆ (ವೃಷಣದಲ್ಲಿ ವೀರ್ಯಾಣುಗಳನ್ನು ಪೋಷಿಸುವ ಕೋಶಗಳು) ಎಸ್ಟ್ರಾಡಿಯಾಲ್ ಎಂಬ ಈಸ್ಟ್ರೋಜನ್ ಹಾರ್ಮೋನ್ ಕೊಟ್ಟು ನೋಡುತ್ತಿದ್ದು, ಅದನ್ನು ಹಾಕದ ವೆಲ್‌ಗಳಲ್ಲೂ (ತಟ್ಟೆಯ ಪುಟ್ಟ ಗುಳಿಗಳು) ಕೋಶಗಳು ಅಷ್ಟೇ ವೇಗವಾಗಿ ಹೆಚ್ಚುತ್ತಿವೆ ಎಂದಿದ್ದೀರಿ. ಬಹುಶಃ ತಪ್ಪು ಕೋಶಗಳದಲ್ಲ, ಅವನ್ನು ಬೆಳೆಸುವ ಪೋಷಕ ದ್ರವದ್ದು, ಅಂದರೆ ಮೀಡಿಯಮ್‌ನದು. ಅದಕ್ಕೆ ಚೆಂದದ ಗುಲಾಬಿ ಬಣ್ಣ ಕೊಡುವ ಫೀನಾಲ್ ರೆಡ್ ದುರ್ಬಲ ಈಸ್ಟ್ರೋಜನ್‌ನಂತೆ ವರ್ತಿಸುತ್ತದೆ. ಅದಕ್ಕೆ ಬೆರೆಸುವ ಸೀರಮ್‌ನಲ್ಲಂತೂ (ರಕ್ತದಿಂದ ತೆಗೆದ ದ್ರವ) ನಿಜವಾದ ಹಾರ್ಮೋನೇ ಇರುತ್ತದೆ. ಹಾಗಾಗಿ ಹೋಲಿಕೆಗೆಂದು ಎಸ್ಟ್ರಾಡಿಯಾಲ್ ಹಾಕದೆ ಇಟ್ಟ ನಿಮ್ಮ ಕಂಟ್ರೋಲ್ ಕಂಟ್ರೋಲೇ ಅಲ್ಲ.

ಮೊದಲು ಫೀನಾಲ್ ರೆಡ್ ಇಲ್ಲದ ಡಿಎಂಇಎಂ/ಎಫ್-12 ಮೀಡಿಯಮ್ ಮತ್ತು ಇದ್ದಿಲು-ಡೆಕ್ಸ್‌ಟ್ರಾನ್‌ನಲ್ಲಿ ಹಾರ್ಮೋನ್ ತೆಗೆದ ಸೀರಮ್‌ಗೆ ಬದಲಾಯಿಸಿ. 24ರಿಂದ 48 ಗಂಟೆ ಬಿಟ್ಟು, ಆಮೇಲೆ 0.1ರಿಂದ 100 ನ್ಯಾನೊಮೋಲಾರ್‌ವರೆಗೆ ಹಂತ ಹಂತವಾಗಿ ಎಸ್ಟ್ರಾಡಿಯಾಲ್ ಕೊಡಿ. ಅದನ್ನು ಎಥನಾಲ್‌ನಲ್ಲಿ ಕರಗಿಸುತ್ತಿದ್ದರೆ, ಕಂಟ್ರೋಲ್ ಸೇರಿದಂತೆ ಎಲ್ಲ ವೆಲ್‌ಗಳಲ್ಲೂ ಎಥನಾಲ್ ಶೇ 0.1ರೊಳಗೆ, ಒಂದೇ ಸಮ ಇರಲಿ.

ನಂತರ ಈಸ್ಟ್ರೋಜನ್ ತಡೆಯುವ ಔಷಧ ಫಲ್ವೆಸ್ಟ್ರಾಂಟ್ ಸೇರಿಸಿದ ಒಂದು ಸಾಲು ವೆಲ್‌ಗಳನ್ನು ಇಡಿ. ಇಲ್ಲೊಂದು ತೊಡಕಿದೆ: ಅದು ಈಸ್ಟ್ರೋಜನ್‌ನ ಆಲ್ಫಾ, ಬೀಟಾ ಗ್ರಾಹಕಗಳನ್ನು ತಡೆಯುತ್ತದೆ, ಆದರೆ ಜಿಪಿಇಆರ್ ಎಂಬ ಇನ್ನೊಂದು ಈಸ್ಟ್ರೋಜನ್ ಗ್ರಾಹಕವನ್ನು ಚುರುಕುಗೊಳಿಸುತ್ತದೆ. ಎಸ್ಟ್ರಾಡಿಯಾಲ್‌ನ ಪರಿಣಾಮ ಹಾಗೆಯೇ ಉಳಿದರೆ, ಜಿಪಿಇಆರ್ ಅನ್ನು ತಡೆಯುವ ಜಿ-15 ಹಾಕಿ ನೋಡಿ.

ಇಲಿಯ ವಯಸ್ಸು ನೀವು ಬರೆದಿಲ್ಲ, ಆದ್ದರಿಂದ ಇದು ನನ್ನ ಊಹೆ ಮಾತ್ರ. 20 ದಿನ ದಾಟಿದ ಇಲಿಯದಾದರೆ ಸರ್ಟೋಲಿ ಕೋಶಗಳು ಬಹುಮಟ್ಟಿಗೆ ವಿಭಜನೆ ನಿಲ್ಲಿಸಿರುತ್ತವೆ. ತಟ್ಟೆ ತುಂಬುತ್ತಿರುವುದು ವೃಷಣದ ನಾಳದ ಸುತ್ತಲಿನ ಸ್ನಾಯುಕೋಶಗಳಿರಬಹುದು. ಸಾಕ್ಸ್9 (ಸರ್ಟೋಲಿ ಕೋಶದ ಗುರುತಿನ ಪ್ರೋಟೀನ್) ಮತ್ತು ಸ್ಮೂತ್ ಮಸಲ್ ಆಕ್ಟಿನ್ (ಆ ಸ್ನಾಯುಕೋಶದ್ದು) ಎರಡಕ್ಕೂ ಸ್ಟೇನ್ ಮಾಡಿ ಎಣಿಸಿ. ಎರಡನೆಯದೇ ಹೆಚ್ಚು ಹೊಳೆದರೆ ಮೀಡಿಯಮ್ ಬದಲಾಯಿಸುವ ಮೊದಲು ಕೋಶಗಳನ್ನೇ ಹೊಸದಾಗಿ ಬೇರ್ಪಡಿಸಿ.